ಚಿತ್ರ ೧೪

ಗದಗ. ಸ್ಟೇಷನ್ ರೋಡಿನ ಹಿಂದಿನ ಓಣಿಯ ಅಚ್ಚಿನಮನೆ.
ಸೀಸದ ವಾಸನೆ, ಸೀಮೆಎಣ್ಣೆಯ ವಾಸನೆ.
ಕೇಸಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ,
ಕ-ಕಾರದ ಮನೆ ದೊಡ್ಡದು, ಙ-ಕಾರದ್ದರಲ್ಲಿ ಬರೀ ಧೂಳು.
ನಾನು ಪ್ರೂಫು ತಿದ್ದುವವಳು,
ಪುಟಕ್ಕೆ ನಾಲ್ಕಾಣೆ.

ಏಳನೆಯ ಇಯತ್ತೆಯ ಇತಿಹಾಸದ ಗೈಡು
ಸಾಲಿ ಶುರುವಾಗುವುದರೊಳಗೆ ಆಗಬೇಕು.
ಹುಬ್ಬಳ್ಳಿಯಿಂದ ಕಂಡಕ್ಟರನ ಕೈಲಿ
ಬ್ಲಾಕುಗಳ ಪೊಟ್ಟಣ ಬಂತು:
ಒಂದು ಗೂಳಿ, ಒಂದು ಕಂಬ,
ಮತ್ತೆ ಅವನು.
ಮಂಡಿಯೂರಿ ಕೂತ, ಮೂಗು ಮುಕ್ಕಾದ
ಈಜಿಪ್ತಿನ ಕಲ್ಲಿನ ಮನುಷ್ಯ.
ತೊಡೆಯ ಮುಂದೊಂದು ಪುಟ್ಟ ಗುಡಿ,
ಅದರೊಳಗೆ ಬೆರಳುದ್ದದ ದೇವರು.
ಎರಡೂ ಅಂಗೈ ಗುಡಿಯ ಮಗ್ಗುಲಿಗೆ,
ಬಿಸಿ ಹಾಲಿನ ಪಾತೇಲಿ ಇಳಿಸುವಾಗ ಹಿಡಿದಂತೆ.

ಕೈಬರಹದಲ್ಲಿ ಇದ್ದದ್ದು ಒಂದೇ ಸಾಲು:
ದೇವರಿಗೆ ನಮಿಸುತ್ತಿರುವ ಅಧಿಕಾರಿ.

ಫಕ್ಕೀರೇಶ ಮಾಮಾ ಸ್ಟಿಕ್ಕು ಕೆಳಗಿಟ್ಟರು.
"ಹೆಸರಿಲ್ಲೇನವಾ ಇವಗ?"
ಇಲ್ಲ ಅಂದೆ.
"ಗುಡಿ ಸುತ್ತ ಇಷ್ಟೆಲ್ಲಾ ಬರಸ್ಯಾನ,
ಹೆಸರಿಲ್ಲಂದ್ರ ಹೆಂಗ?"

ಭೂತಗನ್ನಡಿ ತಂದರು. ನಲವತ್ತು ವರ್ಷ
ಅಕ್ಷರಗಳನ್ನು ತಿರುಗುಮುರುಗಾಗಿಯೇ ಓದಿದ ಕಣ್ಣು.
"ಇದು ಗೂಗಿ. ಇದು ನೀರು. ಇದು ಯಾವನದೋ ಪಾದ.
ಹಕ್ಕಿ ಎಲ್ಲಾ ಈ ಕಡೆ ಮಾರಿ ಮಾಡ್ಯಾವ,
ಅಚ್ಚು ಒತ್ತಿದ್ರ ಆ ಕಡೆ ಹೊಳ್ಳತಾವ,
ಆದ್ರೂ ಹಕ್ಕಿ ಹಕ್ಕೀನ.
ನಮ್ಮ ಅ-ಕ್ಕ ಆ ಪುಣ್ಯೇವಿಲ್ಲ."
ಕೆತ್ತಿದವನ ಗುರುತು ಹುಡುಕಿ ಪೀಠದ ಅಂಚಿನವರೆಗೂ ಹೋದರು.
ಲಕ್ಕುಂಡಿಯಲ್ಲೂ ಹಾಗೆ ಹುಡುಕಿ
ಕುತ್ತಿಗೆ ಹಿಡಿಸಿಕೊಂಡು ಬಂದಿದ್ದರಂತೆ.

ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅಂದರು:
"ಇವ ನಮಸ್ಕಾರ ಮಾಡಾಕತ್ತಿಲ್ಲ ತಂಗಿ.
ದೇವರ ಮುಂದ ಕುಂತವನ ಬೆನ್ನು ಕಾಣಬೇಕು ನಮಗ.
ಇವಂದು ಮಾರಿ ಕಾಣತೈತಿ.
ಇವ ದೇವರ ಹಿಂದ ಕುಂತಾನ.
ಅವಗ ಮುಗದ ಕೈ ಇವಗೂ ಮುಟ್ಟಬೇಕು, ಹಂಗ."

ಬೆಟಗೇರಿಯ ಎರಡು ಗುಂಟೆ ತಮ್ಮ ಹೆಸರಿಗೆ ಹತ್ತಲೆಂದು
ಹನ್ನೊಂದು ತಿಂಗಳು ಕಚೇರಿಗೆ ತಿರುಗಿದ್ದರು ಮಾಮಾ.
ಅಲ್ಲಿ ಮೇಜಿನ ಗಾಜಿನ ಕೆಳಗೆ ನಾಲ್ಕು ದೇವರು.
ಸಹಿ ಮಾಡಲು ಬಗ್ಗಿದಾಗೆಲ್ಲ
ಆಚೆ ಕೂತ ಗುಮಾಸ್ತ
ತನಗೇ ಬಗ್ಗಿದರೆಂಬಂತೆ ತಲೆಯಾಡಿಸುತ್ತಿದ್ದ.

ರೊಟ್ಟಿ ಮುಗಿಯಿತು. ಕೈ ಒರೆಸಿ
ಬ್ಲಾಕನ್ನು ಮತ್ತೆ ಎತ್ತಿಕೊಂಡರು.
"ಏನ ಅನ್ನು, ಮಣಕಾಲು ನೋಡು ಪಾಪ.
ಎಷ್ಟು ಸಾವಿರ ವರ್ಷಾತೋ, ಎದ್ದಿಲ್ಲ."
ದಿನಕ್ಕೆ ಹತ್ತು ತಾಸು ನಿಂತು ಮೊಳೆ ಜೋಡಿಸುವವರಿಗೆ
ಕೂತವನ ಮಣಕಾಲ ನೋವು
ಹೇಗೆ ತಿಳಿಯಿತೋ.

ಸಂಜೆ ಪ್ರೂಫು ಬಂತು. ಇನ್ನೂ ಹಸಿ.
ಚಿತ್ರ ೧೪. ದೇವರ ಹಿಂದೆ ಕೂತ ಅಧಿಕಾರಿ.
ನನ್ನ ಕೆಂಪು ಪೆನ್ನು ನಿಂತಿತು.
ಮಾಮಾ ಸೀಮೆಎಣ್ಣೆಯಲ್ಲಿ ಕೈ ತಿಕ್ಕುತ್ತಿದ್ದರು,
ಈ ಕಡೆ ನೋಡಲಿಲ್ಲ.
ಮೇಲಿನ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟಿತ್ತು,
ಅದನ್ನಷ್ಟೇ ತಿದ್ದಿದೆ.

ಮೂರು ಸಾವಿರ ಪ್ರತಿ. ರೋಣ, ಮುಂಡರಗಿ, ಶಿರಹಟ್ಟಿಯ ಹುಡುಗರು
ಬಾಯಿಪಾಠ ಮಾಡಿದರು.
ನರೇಗಲ್ಲಿನ ಮಾಸ್ತರರೊಬ್ಬರ ಕಾರ್ಡು ಬಂತು:
'ತಪ್ಪೋ ಒಪ್ಪೋ ತಿಳಿಯಲಿಲ್ಲ.
ಎರಡು ಅಂಕ ಕೊಟ್ಟಿದ್ದೇನೆ.'
ಮಾಲಕರು ಬೈದರು, ನನ್ನನ್ನು.
ಪ್ರೂಫು ನೋಡುವವಳ ಕಣ್ಣು ಎಲ್ಲಿತ್ತು ಅಂತ.

ಆಫ್‌ಸೆಟ್ ಬಂದಾಗ ಅಕ್ಷರಗಳು
ಕಿಲೋ ಲೆಕ್ಕದಲ್ಲಿ ಹೋದವು,
ಙ-ಕಾರವೂ ಕ-ಕಾರದ ದರಕ್ಕೇ.
ಯಾವ ಪುಸ್ತಕದಲ್ಲೂ ಮಾಮಾನ ಹೆಸರಿಲ್ಲ.
ಮುದ್ರಕರು ಅಂತ ಮಾಲಕರದಿದೆ.

ಆ ಬ್ಲಾಕು ನನ್ನ ಹತ್ತಿರ ಉಳಿಯಿತು.
ಈಗ ಅದರ ಕೆಳಗೆ ಲೈಟ್ ಬಿಲ್ಲು, ಹಾಲಿನ ಚೀಟಿ.
ಬೆರಳಾಡಿಸಿದರೆ ಹಕ್ಕಿಗಳು ತಗಲುತ್ತವೆ.
ಅವನ ಹೆಸರು ಇನ್ನೂ ಗೊತ್ತಿಲ್ಲ.

ಒಮ್ಮೊಮ್ಮೆ ಕನ್ನಡಿಗೆ ಹಿಡಿಯುತ್ತೇನೆ.
ಅದರಲ್ಲಿ ಅವನು ಸರಿಯಾಗಿ ಕಾಣುತ್ತಾನೆ.
ಮುಂದೆ ಬೆರಳುದ್ದದ ದೇವರು,
ದೇವರ ಹಿಂದೆ ಅವನು,
ಅವನ ಹಿಂದೆ
ಎರಡೂ ಕೈಯಲ್ಲಿ ಹಿಡಿದುಕೊಂಡು
ನಾನು.