ಇಪ್ಪತ್ತೊಂದು ಕಣ್ಣು

ಒಂದು ದಾಳಕ್ಕ ಇಪ್ಪತ್ತೊಂದು ಕಣ್ಣು.
ಕೊರೆಯಾಕಿ ನಾನು.
ಸೋಲಾಪುರದ ಸಾಖರ ಪೇಟಿ ಹಿಂದಿನ ಓಣಿಯೊಳಗ
ಮೌಲಾಸಾಬ ಉಸ್ತಾದನ ಪತ್ರಾಸಿನ ಕೋಣಿಯಾಗ
ಹದಿನಾರು ವರ್ಷ ಕಮಾನಿನ ಬೈರಿಗಿ ತಿರುವಿದೆ.
ಎಲುಬು ಕೊಯ್ಯಾಂವ ಅಂವ, ತಿಕ್ಕಾಂವ ಅಂವ,
ಮೂಲಿ ಹಿಡಿದು ಚೌಕ ಮಾಡಾಂವ ಅಂವ.
ಕಣ್ಣು ಮಾತ್ರ ನನ್ನ ಪಾಲಿಗೆ.
"ಮಹಾನಂದಾ, ಕಣ್ಣಿಡೋವಾಗ ಮಾತಾಡಬ್ಯಾಡ,
ಕೇಳು" ಅಂತಿದ್ದ.

ಕೇಳಿದೆ.
ಮೊದಲು ದಾಳಕ್ಕ ಮಗ್ಗಲೇ ಇರಲಿಲ್ಲಂತ.
ಅಡವಿಯ ತಾರೆಕಾಯಿ,
ಮುಷ್ಟಿ ತುಂಬ ಚೆಲ್ಲಿ, ನಾಕ ನಾಕ ಎಣಿಸಿ,
ಏನೂ ಉಳಿಯದಿದ್ರ ಗೆದ್ದ, ಒಂದುಳಿದ್ರ ಕೆಟ್ಟ.
ಆ ಒಂದಕ್ಕ ಕಲಿ ಅಂತ ಹೆಸರು.
ನಮ್ಮ ಕಾಲಕ್ಕೂ ಅದನ್ನೇ ಇಟ್ಟಾರ ನೋಡು,
ಎಣಿಸಿ ಮುಗಿದ ಮ್ಯಾಲ
ನೆಲದಾಗ ಉಳಿದ ಕಾಯಿ ನಾವು.

ಆಮ್ಯಾಲ ಕುರಿ ಕಾಲಿನ ಗಿಣ್ಣು, ಕವಡಿ,
ಕಲ್ಲಿಗೆ ತಿಕ್ಕಿ ಅರ್ಧ ಬೆಳ್ಳಗಾದ ಹುಣಸೀಬೀಜ,
ಬೆರಳುದ್ದದ ಹಿತ್ತಾಳಿ ಪಗಡಿ ದಾಳ.
ಸಿಂಧೂ ನದಿ ಕಡೆ ನೆಲಾ ಅಗದಾಗ
ಸುಟ್ಟ ಮಣ್ಣಿನವು ಸಿಕ್ಕಾವಂತ:
ಒಂದರ ಬೆನ್ನಿಗೆ ಎರಡು, ಮೂರರ ಬೆನ್ನಿಗೆ ನಾಕು.
ನಮ್ಮದರಾಗ ಒಂದರ ಬೆನ್ನಿಗೆ ಆರು.
ಎದುರುಬದುರು ಕೂಡಿದ್ರ ಏಳಾಗಬೇಕಂತ
ಯಾವ ಪುಣ್ಯಾತ್ಮ ಹೇಳಿದ, ಯಾವಾಗ ಹೇಳಿದ?
ಉಸ್ತಾದಗೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನೋ ಮನುಷ್ಯಾ ಅಂವ.

ಸಂಜಿಗೆ ಆಡೋರು ಬರ್ತಿದ್ರು,
ತೆಲುಗು ಪದ್ಮಸಾಲಿಗಳು, ಮರಾಠಿ ಹಮಾಲರು, ನಮ್ಮ ಮಂದಿ.
ದುಗ ಅಂದ್ರ ಎಲ್ಲರಿಗೂ ದುಗ,
ಪೌ ಬಾರಾ ಅಂದ್ರ ಎಲ್ಲರ ತೊಡಿ ಮ್ಯಾಲೂ ಪಟ್ಟಂತ ಏಟು.
ಜಗಳಕ್ಕ ಮಾತ್ರ ಅವರವರ ಭಾಷಾ.

ಒಂದಿನ ಅಕ್ಕಲಕೋಟಿ ಕಡೆಯಾಂವ ಬಂದು
ಎರಡು ಸಾವಿರ ಇಟ್ಟ: "ಆರೇ ಬೀಳೋ ಹಂಗ
ಸೀಸಾ ತುಂಬಿ ಕೊಡು."
ಉಸ್ತಾದ ನೋಟಿನ ಮ್ಯಾಲ ತಣ್ಣನ್ನ ಚಹಾದ ಬಸಿ ಇಟ್ಟು
ಬಸಿ ಸಮೇತ ದೂಡಿದ.
ಅಂವ ಹೋದ ಮ್ಯಾಲ, ಸಣ್ಣಗ:
"ಹುಚ್ಚ. ಸೀಸಾ ಯಾಕ?
ಆರರ ಮಗ್ಗಲಿಂದ ಆರು ಚೂರು ಎಲುಬು ತೆಗೀತಿ ನೀ,
ಒಂದರಿಂದ ಒಂದೇ.
ಹೆಚ್ಚು ಕಳಕೊಂಡದ್ದು ಹಗುರ.
ಹಗುರಾದದ್ದು ಮ್ಯಾಲ ಬರ್ತದ, ಎಳ್ಳಷ್ಟು."
ಆ ಎಳ್ಳಷ್ಟು ಸಮ ಮಾಡಾಕ
ಒಂದರ ಕಣ್ಣು ಅಗಲ, ಆಳ;
ಆರರ ಕಣ್ಣು ತೇಲಿಸಿ, ಉಗುರು ತಾಕಿದಂಗ.
ಅದೇ ವಿದ್ಯಾ. ಉಳಿದದ್ದು ಬರೇ ತೂತು.

ಪ್ಲಾಸ್ಟಿಕ್ ದಾಳ ಕಿಲೋ ಲೆಕ್ಕದಾಗ ಬಂದ್ವು.
ಉಸ್ತಾದ ಒಂದನ್ನ ಒಡೆದು ನೋಡಿದ,
ಒಳಗೊಂದು ಗಾಳಿಗುಳ್ಳಿ.
ಅದನ್ನ ಬಾಳ ಹೊತ್ತು ನೋಡಿದ.
ಅಂವ ಹೋಗಿ ಒಂಬತ್ತು ವರ್ಷಾತು.
ನಾನೀಗ ಟವೆಲ್ ಕಾರ್ಖಾನಿಯಾಗ ಅಂಚು ಹೊಲೀತೀನಿ.
ಬಾಜೂ ಮಿಷನ್ನಿನ ಹುಡುಗಿ ಬುತ್ತಿ ಬಿಚ್ಚಿಟ್ಟು
ಮೊಬೈಲಿನಾಗ ದಾಳ ಉರುಳಿಸ್ತಾಳ,
ಗಾಜಿನ ಕೆಳಗ ಗಿರಗಿರ, ಸಪ್ಪಳ ಸುದ್ದಾ ಸುಳ್ಳು.
"ಇದರ ಕಣ್ಣು ಯಾರು ಕೊರೆದಾರ?" ಕೇಳಿದೆ.
"ಅತ್ಯಾ, ನಿನ್ನ ಪಾಳಿ, ಒತ್ತು" ಅಂದ್ಲು.

ಹೋದ ಶ್ರಾವಣದಾಗ ಕನ್ನಡ ಸಾಲಿಯ ರೇವಣಸಿದ್ಧ ಮಾಸ್ತರ
ಗಣಿತಕ್ಕ ಬೇಕಂತ, ಡಬ್ಬಿಯ ಕಡೀ ದಾಳ ಒಯ್ದ.
ನಾ ಮೊದಲು ಕೊರೆದದ್ದು ಅದು,
ಕೈಗೆ ಏನೂ ತಿಳೀದಿದ್ದಾಗ;
ಆರರ ಆರೂ ಕಣ್ಣು ಬಾವಿಯಂಗ ಆಳ.
ಹುಡುಗರು ಆರುನೂರು ಸಲ ಒಗೆದ್ರಂತ.
ನೂರು ಬರಬೇಕಾದ ಆರು
ನೂರಾ ಇಪ್ಪತ್ತೇಳು ಸಲ ಬಂತಂತ.
ಕಾರ್ಖಾನಿ ಗೇಟಿನಾಗ ನಿಂತಾನ ಮಾಸ್ತರ,
ಕೈಯಾಗ ಹಾಳಿ, ಹಾಳಿ ತುಂಬ ಗೆರಿ, ಐದೈದರ ಕಟ್ಟು.
"ಬಾಯಾರ, ಇದು ಹ್ಯಾಂಗ?"

ಇಪ್ಪತ್ತೊಂದು ಕಣ್ಣಿದ್ರೂ ಅದಕ್ಕ
ಮುಂದಿಂದು ಕಾಣಂಗಿಲ್ಲ,
ಹಿಂದಿಂದು ಮಾತ್ರ ಬಿಡಂಗಿಲ್ಲ, ಅನ್ನಬೇಕಂದೆ.
ಅನ್ನಲಿಲ್ಲ. ಸೀಟಿ ಹೊಡೀತು.
"ಆಯಿತಾರ ತಂದುಕೊಡ್ರಿ.
ಒಂದರ ಕಣ್ಣು ಅಗಲ ಮಾಡಬೇಕು.
ಬೈರಿಗಿ ಅದ ಇನ್ನೂ,
ಮೊಳಿಗೆ ತೂಗಿ."