ಬರ್ಲಿ, ಬರ್ಲಿ

ಕೊನೆಯ ಟ್ರಿಪ್ಪಿನಲ್ಲಿ, ಹಿಂದಿನ ಉದ್ದ ಸೀಟಿನ ಕೆಳಗೆ
ಸಿಕ್ಕಿದ್ದು ಒಂದು ಕೊಡೆ, ಒಂದು ಕಟ್ಟು ಬಸಳೆ,
ಮತ್ತು ಈ ಏಡಿ.
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು, ಬೆನ್ನ ಮೇಲೆ ಸ್ವಿಚ್ಚು,
ಡಬ್ಬಿಯ ಮೇಲೆ ಅಂಬೆಗಾಲಿಕ್ಕುವ ಯಾರದೋ ಮಗು.

ಕೊಡೆಗೆ ಮರುದಿನವೇ ಜನ ಬಂತು.
ಬಸಳೆಯನ್ನು ಲ್ಯಾನ್ಸಿ ಮನೆಗೆ ಒಯ್ದ.
ಏಡಿ ಎಂಟು ದಿನ ಡ್ರೈವರ್ ಸೀಟಿನ ಹಿಂದೆ ತೂಗುತ್ತಿತ್ತು,
ಕಾವೂರಿನಿಂದ ಸ್ಟೇಟ್‌ಬ್ಯಾಂಕಿಗೆ, ಸ್ಟೇಟ್‌ಬ್ಯಾಂಕಿನಿಂದ ಕಾವೂರಿಗೆ.
ಯಾರೂ ನಮ್ಮದೆನ್ನಲಿಲ್ಲ.
‘ಕೊಂಡೋಗು ಮಾರಾಯ,’ ಅಂದ ಲ್ಯಾನ್ಸಿ ಸ್ಟೇರಿಂಗು ಬಿಡದೆ,
‘ನಿನ್ನ ಮಗಳಿಗೆ ಹತ್ತು ತಿಂಗಳಾಯ್ತಲ್ಲ,
ಇನ್ನೂ ಸ್ಟಾಪಿನಲ್ಲೇ ಇದ್ದಾಳೆ ಅಂತೀಯ.’

ಹೌದು. ಕೂರಿಸಿದಲ್ಲಿ ಕೂತಿರುತ್ತಾಳೆ ಧನ್ವಿ,
ಸೀಟು ಸಿಕ್ಕಿದ ಮುದುಕಿಯ ಹಾಗೆ, ಗಟ್ಟಿಯಾಗಿ.
ಹರಿಣಾಕ್ಷಿಗೆ ಈಗೀಗ ನಿದ್ದೆ ಕಡಿಮೆ.
ಡಾಕ್ಟರು ‘ಕಾಯುವಾ’ ಅಂದರೆ
ಅವಳ ಕಿವಿಗೆ ಬೇರೇನೋ ಕೇಳಿಸುತ್ತದೆ.
ಪಕ್ಕದ ನಫೀಸಕ್ಕನ ಮೊಮ್ಮಗ ಏಳಕ್ಕೇ
ಹೊಸ್ತಿಲು ದಾಟಿದನಂತೆ.
ದಾಟಲಿ.

ಅತ್ತೆ ಬೆಂಗ್ರೆಯವರು. ಏಡಿಯನ್ನು ಮಗುಚಿ ಹಾಕಿ
ಬುಟ್ಟಿಯ ಮುಂದೆ ಕೂತವರಂತೆ ನೋಡಿದರು.
‘ಕಾಲು ಆರೇ ಉಂಟು. ಇದನ್ನು ಮಾಡಿದವ
ಜನ್ಮದಲ್ಲಿ ಡೆಂಜಿ ಕಂಡವನಲ್ಲ.’

ಸ್ವಿಚ್ಚು ಒತ್ತಿದೆ.
ಕಣ್ಣು ಕೆಂಪು ಮಾಡಿಕೊಂಡು, ಯಾವುದೋ ದೇಶದ ಹಾಡು ಹಾಡುತ್ತ
ರೆಡ್ ಆಕ್ಸೈಡ್ ನೆಲದ ಮೇಲೆ ಅಡ್ಡಡ್ಡ ಹೊರಟಿತು.
ಕೈ ಹತ್ತಿರ ಬಂದರೆ ಸಾಕು, ಹೇಗೋ ತಿಳಿದು
ತಿರುಗಿ ಓಡುತ್ತದೆ,
ಪಾಸ್ ಮರೆತ ಕಾಲೇಜು ಹುಡುಗನ ಹಾಗೆ.
ಉಪಾಯ ಅಷ್ಟೇ: ಆಸೆ ತೋರಿಸುವುದು, ಸಿಗದಿರುವುದು,
ಒಂದೊಂದೇ ಗೇಣು ಮುಂದೆ ಎಳೆಯುವುದು.

ಮುಂದೆ.
ಇದೊಂದು ಮಾತನ್ನು ಕನ್ನಡದಲ್ಲಿ, ತುಳುವಿನಲ್ಲಿ,
ಬರುವಷ್ಟು ಕೊಂಕಣಿಯಲ್ಲಿ ಹೇಳಿ ಹೇಳಿ
ಹದಿನಾಲ್ಕು ವರ್ಷ ಅನ್ನ ತಿಂದವ ನಾನು.
ಎದುರು ಹೋಗಿ, ಎದುರು ಜಾಗ ಉಂಟು,
ದುಂಬು ಪೋಲೆ ಅಕ್ಕ, ಬಾಗಿಲಲ್ಲಿ ನೇತಾಡಬೇಡಿ.
ಯಾರು ಹೋಗಿದ್ದಾರೆ?
ಹತ್ತಿದ ಗಳಿಗೆಯಿಂದ ಎಲ್ಲರಿಗೂ
ಇಳಿಯುವ ಬಾಗಿಲಿನದೇ ಚಿಂತೆ.

ಧನ್ವಿ ನೋಡಿದಳು. ಕೈ ಊರಿದಳು.
ಹೊಟ್ಟೆ ನೆಲ ಬಿಟ್ಟಿತು; ಹರಿಣಾಕ್ಷಿ ಉಸಿರು ಬಿಡಲಿಲ್ಲ.
ಲೋಡು ಜಾಸ್ತಿಯಾದ ಬಸ್ಸು ಚಡಾವಿನಲ್ಲಿ ನಿಂತ ಹಾಗೆ
ಒಂದು ಕ್ಷಣ ಇಡೀ ಮೈ ನಡುಗಿ ನಿಂತು,
ಮತ್ತೆ, ನಿಧಾನವಾಗಿ,
ಹಿಂದಕ್ಕೆ.

ಕಣ್ಣು ಏಡಿಯ ಮೇಲೆ, ಬಾಯಿ ಏಡಿಯ ಕಡೆಗೆ,
ಮೈ ಮಾತ್ರ ಹಿಂದಕ್ಕೆ, ಹಿಂದಕ್ಕೆ.
ಎಷ್ಟು ಬೇಕೆನಿಸಿತೋ ಅಷ್ಟು ದೂರವಾದಳು.
ಸಿಟ್ಟು ಬಂದು ಅತ್ತಳು, ಅಳುತ್ತ ಇನ್ನೆರಡು ಗೇಣು.
‘ಅಯ್ಯೋ, ಉಲ್ಟಾ!’ ಹರಿಣಾಕ್ಷಿ ಎದ್ದಳು.
ಹಿಡಿಯಬೇಡ, ಅಂದೆ.
ರಿವರ್ಸಿನ ಕೆಲಸ ನನಗೆ ಗೊತ್ತಿಲ್ಲವೆ?
ಅವಳ ಬೆನ್ನ ಹಿಂದೆ, ಬಾಗಿಲಿಗಡ್ಡ ನೆಲದಲ್ಲಿ ಕೂತು
ಗೋಡೆಯನ್ನು ಎರಡು ಸಲ ತಟ್ಟಿದೆ,
ಬಸ್ಸಿನ ತಗಡು ತಟ್ಟುವ ಹಾಗೆ:

ಬರ್ಲಿ... ಬರ್ಲಿ...
ಸ್ವಲ್ಪ ಎಡಕ್ಕೆ, ಮಂಚದ ಕಾಲುಂಟು,
ಬರ್ಲಿ, ಜಾಗ ಉಂಟು, ಇನ್ನೂ ಉಂಟು,
ಬರ್ಲಿ,

ಹೋಲ್ಡ್.

ಒದ್ದೆ ಚಡ್ಡಿ ನನ್ನ ಮೊಣಕಾಲಿಗೆ ತಾಗಿತು.
ಯಾರೆಂದು ತಿರುಗಿ ನೋಡಿದಳು.
ಅಳು ಅರ್ಧಕ್ಕೇ ನಿಂತಿತು.
ಇಷ್ಟು ದೂರ ಬಂದದ್ದು
ಅವಳಿಗೂ ಆಗಲೇ ಗೊತ್ತಾದದ್ದು.

ಏಡಿ ಕಪಾಟಿನ ಅಡಿಗೆ ಹೋಗಿ ಸಿಕ್ಕಿಕೊಂಡಿದೆ.
ಹಾಡುತ್ತಲೇ ಇದೆ; ಸೆಲ್ಲು ಇಳಿದಂತೆ
ಹಾಡು ಗಂಡಸಿನ ದನಿಗೆ ಇಳಿಯುತ್ತಿದೆ.
‘ಯಾರಾದರೂ ತೆಗೀರಿ ಅದನ್ನು,’ ಅನ್ನುತ್ತಾರೆ ಅತ್ತೆ, ಏಳುವುದಿಲ್ಲ.
ನಾನೂ ಏಳುವ ಹಾಗಿಲ್ಲ.
ಕಾಲಿನ ಮೇಲೆ ಪ್ಯಾಸೆಂಜರ್ ಇದ್ದಾಳೆ.