ರೆಂಡಿಟ್ಟಾ

ಶಿಡ್ಲಘಟ್ಟದಲ್ಲಿ ಬೆಳಗಿನ ಹರಾಜು ಮುಗಿದು
ಗೂಡಿನ ತಟ್ಟೆಗಳನ್ನು ಕೊಡವಿ ಕವುಚಿಟ್ಟ ಮೇಲೆ
ನಾವು ಐವರು ಟೀ ಅಂಗಡಿಯ ಹಿಂದಿನ ಕಟ್ಟೆಗೆ ಕೂತು
ಬುರ್ಸಾ ಎಂಬ ಊರಿನ ಲೆಕ್ಕ ಹಾಕಿದೆವು.

ಅಲ್ಲಿಯೂ ಗೂಡಿನ ಹೆಸರಿನದೇ ಹಳೇ ಪೇಟೆಯಂತೆ.
ಕಲ್ಲಿನ ಕಮಾನು, ನಡುವೆ ಮರ, ಮರದಡಿ ಚಹಾ,
ಬೆಂದ ಹುಳದ ನಾತ ಮಾತ್ರ ಇಲ್ಲವಂತೆ.
'ನಾತವಿಲ್ಲದ ರೇಷ್ಮೆ ಪೇಟೆ!' ಜೈತೂನಾಪಾ ನಕ್ಕಳು,
'ಅದು ಪೇಟೆಯಲ್ಲಮ್ಮ, ಫೋಟೋ.'
ಸುಳ್ಳೋ ನಿಜವೋ ನೋಡಲಿಕ್ಕಾದರೂ
ಹೋಗಬೇಕು ಅಂತಾಯಿತು.

ಇಪ್ಪತ್ತೆರಡು ತಿಂಗಳ ಚೀಟಿ ಕಟ್ಟಿದೆವು.
ಒಬ್ಬೊಬ್ಬರಿಗೆ ಒಂದು ಕಾರ್ಡು, ಕಾರ್ಡಿಗೆ ಮೂರು ಹಣ:
ಶಾರ್ಜಾದ ಒಂದು ರಾತ್ರಿಗೆ ದಿರ್ಹಮ್,
ಅಲ್ಲಿಂದಾಚೆಗೆ ಲಿರಾ,
ಕಾಲು ಉಳುಕಿದರೆ ಜ್ವರ ಬಂದರೆ ಅಂತ ಡಾಲರ್.
ಅಕ್ಕಿ ಡಬ್ಬಿ, ಬೇಳೆ ಡಬ್ಬಿ, ಸಾಸಿವೆ ಡಬ್ಬಿ ಎಂದು
ನಮ್ಮ ಅಜ್ಜಿಯರು ಗಂಡಸರ ಕಣ್ಣು ತಪ್ಪಿಸಿ ಇಟ್ಟಿದ್ದನ್ನೇ
ಬ್ಯಾಂಕಿನವರು ಈಗ ಹೊಸ ಹೆಸರಿಟ್ಟು ಮಾರುತ್ತಿದ್ದಾರೆ.

ಡಬ್ಬಿ ತುಂಬುವುದು ಹೇಗೆ? ಲೆಕ್ಕ ಬರೆಯುವವಳು ನಾನು.
ಕ್ರೆಡಿಟ್ ಕಾರ್ಡಿನಿಂದ ಸುರಿದರೆ ಅದು ಸಾಲ,
ಸುರಿದ ಗಳಿಗೆಯಿಂದ ಬಡ್ಡಿ.
ಕೌಂಟರಿನಲ್ಲಿ ನೋಟು ಕೊಟ್ಟರೆ
ಎಣಿಸುವವನ ಬೆರಳಿನ ಎಂಜಲಿಗೂ ಕಾಸು.
ಶನಿವಾರ ಭಾನುವಾರ ಬದಲಿಸಬಾರದು,
ಅಂದು ಪೇಟೆ ಮಲಗಿರುತ್ತದೆ, ರೇಟಿನ ಹೊಟ್ಟೆಗೆ ಹತ್ತಿ ತುರುಕಿರುತ್ತಾರೆ.
ಪ್ರತಿ ಸಲಕ್ಕೂ ಇಷ್ಟು ಅಂತ ಕೀಳುತ್ತಾರೆ,
ಆದ್ದರಿಂದ ಹನಿ ಹನಿ ಬೇಡ, ಕೊಡ ಕೊಡವಾಗಿ.
ಖಾತೆಯಿಂದ ಖಾತೆಗೆ, ವಾರದ ನಡುವೆ, ಹಗಲು ಹೊತ್ತು.

ಅಲ್ಲಿಯ ಮಷೀನು ಬಲು ಮರ್ಯಾದೆಯಿಂದ ಕೇಳುತ್ತದಂತೆ:
ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಿಡಿಯಲೇ?
ಬೇಡ ಅನ್ನಬೇಕು.
ಮುನಿವೆಂಕಟಮ್ಮ ಹುಟ್ಟಿದಾಗಿನಿಂದ ಯಾರಿಗೂ ಬೇಡ ಅಂದವಳಲ್ಲ,
ಕಟ್ಟೆಯ ಮೇಲೆ ಮೂರು ಸಂಜೆ ಕೂರಿಸಿ ಕಲಿಸಿದೆವು.
ನಾಲ್ಕನೆಯ ಸಂಜೆ ಟೀಯವನಿಗೇ ಅಂದಳು.

ಹಣಕ್ಕೂ ರೆಂಡಿಟ್ಟಾ ಉಂಟು ಕಣ್ರೇ ಅಂದೆ ನಾನು.
ಏಳು ಕಿಲೋ ಗೂಡು ಬೇಯಿಸಿದರೆ ಒಂದು ಕಿಲೋ ನೂಲು,
ಉಳಿದ ಆರು ಎಲ್ಲಿ ಹೋಯಿತೆಂದು ನಮಗೆ ಗೊತ್ತು:
ಜುಂಗು, ಹುಳ, ಮೋರಿಯ ನೀರು, ಆವಿ.
ಹುಳವನ್ನೂ ಕೋಳಿ ಫಾರಮ್ಮಿನವರು ತೂಗಿ ಒಯ್ಯುತ್ತಾರೆ.
ರೂಪಾಯಿ ಬೆಂದು ಲಿರಾ ಆಗುವಾಗ
ಉಳಿದದ್ದರ ನಾತವೂ ಬರುವುದಿಲ್ಲ.

ಆಮೇಲೆ ಹೆಬ್ಬೆಟ್ಟಿನ ದಿನ.
ಗಾಜಿನ ಮೇಲೆ ಒತ್ತಿದರೆ ನಮಗೆಲ್ಲ ಹಸಿರು ದೀಪ,
ಜೈತೂನಾಪಾಗೆ ಕೆಂಪು.
ಒರೆಸಿ ಒತ್ತಿದಳು. ಎಡಗೈ ಒತ್ತಿದಳು.
ಹುಡುಗ ಗ್ಲಿಸರಿನ್ ಕೊಟ್ಟ. ಕೆಂಪು.
ಮೂವತ್ತೊಂದು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿದ ಬೆರಳು.
ಗೆರೆಗಳನ್ನೂ ಎಳೆಯೆಂದೇ ಬಿಚ್ಚಿಕೊಂಡಿತು ನೀರು,
ಸುತ್ತಿಕೊಂಡಿತು ಚರಕ.
ಯಾರ ಮದುವೆಯ ಸೀರೆಯಲ್ಲಿವೆಯೋ ಈಗ.

ಬೆರಳು ಓದಿಸಿದರೆ ಬಿಟ್ಟಿ.
ಓದದವರು ದೊಡ್ಡ ಬ್ರಾಂಚಿಗೆ ಕಾಗದ ಹೊತ್ತು ಹೋಗಬೇಕು,
ಫಾರಮ್ಮಿಗೆ, ಸೀಲಿಗೆ, ಕಾರ್ಡಿಗೆ ಬೇರೆ ಶುಲ್ಕ.
'ನಿನ್ನ ಪಾಲು ನನ್ನ ಕಾರ್ಡಿಗೇ ಹಾಕಲೇ ಆಪಾ, ಖರ್ಚು ಉಳಿಯುತ್ತೆ?'
ಅಂದೆ. ಅಗ್ಗದ ದಾರಿ ಅದೇ ಆಗಿತ್ತು.
ಅವಳು ನನ್ನನ್ನು ನೋಡಿದಳು,
ತೂಕದಲ್ಲಿ ಮೋಸ ಕಂಡಾಗ ತಕ್ಕಡಿಯನ್ನು ನೋಡುವ ಹಾಗೆ.
'ನನ್ನ ಹೆಸರಿನದೇ ಬೇಕು.'

ಶುಲ್ಕವನ್ನು ಐದು ಪಾಲು ಮಾಡಿ ಪುಸ್ತಕದಲ್ಲಿ
ಖರ್ಚು ಅಂತ ಬರೆಯಹೋದೆ.
ಆ ನುಣುಪು ಬೆರಳನ್ನು ಹಾಳೆಯ ಮೇಲಿಟ್ಟು ತಡೆದಳು:
'ಖರ್ಚಲ್ಲ. ಬರಬೇಕಾದ ಬಾಕಿ ಅಂತ ಬರಿ.'
ಯಾರಿಂದ, ಆಪಾ?
'ಆ ಜಾಗ ಖಾಲಿ ಬಿಡು.'

ಬಿಟ್ಟಿದ್ದೇನೆ.
ಮಂಗಳವಾರ ಹನ್ನೊಂದು ಗಂಟೆಗೆ ಐದು ಕಾರ್ಡಿಗೂ ಹಣ ಹೋಯಿತು,
ರೇಟು ಅಂದು ಮೂರು ಪೈಸೆ ನಮ್ಮ ಕಡೆ ಇತ್ತು.